ಕೆಂಪು ಧೂಳಿನ ಮಣೆ

ನಮ್ಮೂರಿನ ಮಕ್ಕಳಿಗೆ ಶಾಲೆಗೆ ಹೋಗಲು ಕೊಡೆ ಬೇಕಾಗುವುದಿಲ್ಲ. ಹೊಸದಾಗಿ ವರ್ಗವಾಗಿ ಬರುವ ಮೇಷ್ಟ್ರುಗಳು ಇದನ್ನು ಕಂಡು ಮೊದಮೊದಲು ಬೆಪ್ಪಾಗುತ್ತಾರೆ. ಬೇರೆ ಊರುಗಳಲ್ಲಿ ಮುಂಗಾರು ಹನಿಯುವ ಹೊತ್ತಿಗೆ ಮಕ್ಕಳು ಹೊಸ ಚೀಲ ಹೆಗಲಿಗೇರಿಸಿ ಹೊರಟರೆ, ನಾವು ಆಗ ಶಾಲೆಗೆ ಬೀಗ ಹಾಕಿ ಮನೆಗೆ ಬರುತ್ತೇವೆ. ಮಳೆಗಾಲವಿಡೀ ಮಕ್ಕಳು ಕೆರೆಯ ಕೋಡಿಯಲ್ಲಿ ಮೀನು ಹಿಡಿಯುತ್ತ, ಮೈಯೆಲ್ಲ ಕೆಸರು ಮಾಡಿಕೊಳ್ಳುತ್ತ ಕಾಲ ಕಳೆಯುತ್ತಾರೆ. ದೀಪಾವಳಿ ಮುಗಿದು, ಊರಾಚೆ ಇಟ್ಟಿಗೆಗೂಡಿನ ಗುಡಿಸಲುಗಳಲ್ಲಿ ಒಲೆಯ ಹೊಗೆ ಎದ್ದ ಮೇಲೆಯೇ ನಮ್ಮ ಶಾಲೆ ಶುರು. ಪೇಟೆಯ ಕೊಡೆ ಅಂಗಡಿಯವರಿಗೆ ಇದಕ್ಕಾಗಿ ನನ್ನ ಮೇಲೆ ಇವತ್ತಿಗೂ ಸಿಟ್ಟಿದೆ. ನಮ್ಮ ಯಜಮಾನರಿಗೂ ಇದೆ. ಅವರು ಟೈಲರ್. ಹಬ್ಬದ ಬಟ್ಟೆ, ಯೂನಿಫಾರಂ ಎರಡೂ ಒಂದೇ ಸಲಕ್ಕೆ ತಲೆಯ ಮೇಲೆ ಬಂದು ಬೀಳುವಂತೆ ಮಾಡಿದವಳು ನೀನೇ ಎಂದು ಮಿಷನ್ನು ತುಳಿಯುತ್ತಲೇ ಗೊಣಗುತ್ತಾರೆ.

ನಾನು ಇಂದುಮತಿ, ಈ ಶಾಲೆಯ ಒಂದನೇ ಕ್ಲಾಸಿನ ಮಿಸ್. ನಮ್ಮ ಪದ್ಧತಿ ಗೊತ್ತಿಲ್ಲದವರಿಗಾಗಿ ಅದನ್ನಿಷ್ಟು ಹೇಳಿ ಮುಂದೆ ಹೋಗುತ್ತೇನೆ. ರಜೆ ಮುಗಿದು ಕೋಣೆಗಳ ಬೀಗ ತೆಗೆದಾಗ, ಆ ವರ್ಷ ಬರಬೇಕಾದ ಮಕ್ಕಳಿಗೆಲ್ಲ ಜಾಗ ಸಿದ್ಧವಾಗಿರುತ್ತದೆ. ಒಂದನೇ ಕ್ಲಾಸಿನಲ್ಲಿ ಪುಟ್ಟ ಮಣೆಗಳು, ಮೇಲಿನ ಕ್ಲಾಸುಗಳಲ್ಲಿ ಸ್ಟೂಲುಗಳು. ಒಂದು ಹೆಚ್ಚಿರುವುದಿಲ್ಲ, ಒಂದು ಕಡಿಮೆಯಿರುವುದಿಲ್ಲ. ಯಾರು ತಂದಿಟ್ಟರು ಎಂದು ಕೇಳುವ ಅಭ್ಯಾಸ ನಮ್ಮೂರಲ್ಲಿಲ್ಲ. ಕಸ ಗುಡಿಸಿ, ನೆಲ ಒರೆಸಿ, ಮಕ್ಕಳನ್ನು ಕರೆಯುತ್ತೇವೆ. ಮೊದಲ ದಿನ ಅಷ್ಟೂ ಜಾಗಗಳು ಒಟ್ಟಿಗೆ ಭರ್ತಿಯಾಗಬೇಕು. ಆಗ ಒಂದನೇ ಕ್ಲಾಸಿನ ಮಿಸ್ ತನ್ನ ಕೈಯಾರೆ ಬೋರ್ಡಿನ ಮೇಲೆ ‘ಅ’ ಬರೆಯಬೇಕು. ಅಲ್ಲಿಗೆ ವರ್ಷ ಶುರುವಾಯಿತು. ಆಮೇಲೆ ಯಾರು ಜ್ವರ ಬಂದು ಮಲಗಿದರೂ, ಯಾರು ಚಕ್ಕರ್ ಹೊಡೆದರೂ ಪಾಠ ನಿಲ್ಲುವುದಿಲ್ಲ. ಆದರೆ ಆ ಮೊದಲ ದಿನ ಒಂದೇ ಒಂದು ಜಾಗ ಖಾಲಿಯಿದ್ದರೂ ಸೀಮೆಸುಣ್ಣ ಬೋರ್ಡಿಗೆ ಹತ್ತುವುದಿಲ್ಲ, ಹೇಳಿದ್ದು ಯಾವ ಮಗುವಿನ ತಲೆಗೂ ಹತ್ತುವುದಿಲ್ಲ.

ಹಿಂದೆಲ್ಲ ನಾವೂ ಎಲ್ಲರಂತೆ ಮುಂಗಾರಿನಲ್ಲೇ ಶುರು ಮಾಡುತ್ತಿದ್ದೆವು. ಒಂದು ವಾರ ಊರಿಗೆ ಊರೇ ಮಕ್ಕಳ ಬೇಟೆಗೆ ಇಳಿಯುತ್ತಿತ್ತು. ಅಜ್ಜಿಮನೆಗೆ ಹೋಗಿ ಕೂತವರಿಗೆ ಫೋನಿನ ಮೇಲೆ ಫೋನು. ಹುಣಸೆಮರ ಹತ್ತಿ ಕುಳಿತವರಿಗೆ ಕೆಳಗಿನಿಂದ ಬೆಲ್ಲದ ಆಸೆ. ಒಮ್ಮೆ ಕೆಪ್ಪಟರಾಯ ಬಂದು ಕೆನ್ನೆ ಊದಿಸಿಕೊಂಡಿದ್ದ ಹುಡುಗನನ್ನು ಅವರ ತಾತ ಕಂಬಳಿ ಹೊದಿಸಿ ಹೊತ್ತುತಂದು ಕೂರಿಸಿ, ನಾನು ‘ಅ’ ಬರೆದದ್ದೇ ತಡ ಮತ್ತೆ ಹೊತ್ತುಕೊಂಡು ಹೋದರು. ಆ ಗದ್ದಲದಲ್ಲಿ ನನಗೆ ಒಂದು ಥರದ ಸಂಭ್ರಮವಿತ್ತು. ಒಂದು ಮಗು ಬರಲಿಲ್ಲವೆಂದರೆ ಊರೆಲ್ಲ ತಲೆ ಕೆಡಿಸಿಕೊಳ್ಳುವ ಊರು ನಮ್ಮದು ಎಂದು ಬೀಗುತ್ತಿದ್ದೆ.

ನನ್ನ ಮಗಳು ತನುಜಾ ಹತ್ತನೇ ಕ್ಲಾಸಿಗೆ ಬಂದ ವರ್ಷದ ಮಾತು. ಎಲ್ಲ ಕೋಣೆಗಳೂ ತುಂಬಿದವು, ನನ್ನ ಕ್ಲಾಸಿನಲ್ಲಿ ಕಿಟಕಿಯ ಪಕ್ಕದ ಒಂದು ಮಣೆ ಮಾತ್ರ ಖಾಲಿ ಉಳಿಯಿತು. ಮನೆಮನೆಗೂ ಹೋಗಿ ಬಂದೆವು. ಆ ವಯಸ್ಸಿನ ಮಗು ಊರಲ್ಲಿ ಇನ್ನೊಂದಿರಲಿಲ್ಲ. ಅಂಗನವಾಡಿಯ ಮಗುವನ್ನು ಕೂರಿಸಿ ನೋಡಿದೆವು, ಸೀಮೆಸುಣ್ಣ ಜಾರಿತು. ನೆಂಟರ ಮನೆಗೆ ಬಂದಿದ್ದ ಹುಡುಗನನ್ನು ಕೂರಿಸಿದೆವು, ಜಾರಿತು. ಓದು ಬರಹ ಬಾರದ ಒಬ್ಬ ಅಜ್ಜಿ ತಾನೇ ಬಂದು, ‘ಇದು ನನ್ದೇ ಇರ್ಬೇಕು ಕಣವ್ವ’ ಎಂದು ಆಸೆಯಿಂದ ಕುಳಿತರು. ಅವರಿಗೂ ಆಗಲಿಲ್ಲ. ಅವರು ಏಳುವಾಗ ನಾನು ಕೈ ಹಿಡಿದು ಎಬ್ಬಿಸಿದೆ, ಮುಖ ನೋಡಲಿಲ್ಲ.

ಮಳೆ ಜೋರಾಯಿತು. ಮಕ್ಕಳು ದಿನಾ ಬಂದು ಕುಳಿತು, ಬೋರ್ಡು ನೋಡಿ, ಮನೆಗೆ ಹೋಗುತ್ತಿದ್ದರು. ಹತ್ತನೇ ಕ್ಲಾಸಿನವರಿಗೆ ಬೇಸಿಗೆಯ ಮೊದಲಲ್ಲಿ ಸರ್ಕಾರದ ಪರೀಕ್ಷೆ. ನಮ್ಮ ಸೀಮೆಸುಣ್ಣದ ಗೊಡವೆ ಅದಕ್ಕಿಲ್ಲ. ತನುಜಾಗೆ ಲೆಕ್ಕವೆಂದರೆ ಮೊದಲೇ ಬೆವರು. ಪಾಸಾದರೆ ನರ್ಸಿಂಗ್ ಓದುವ ಹಟ ಬೇರೆ. ಮನೆಯಲ್ಲಿ ಪುಸ್ತಕ ಹಿಡಿದು ಕೂರುವಳು, ಒಂದು ಪುಟ ಓದಿ ತಿರುವಿದರೆ ಹಿಂದಿನದು ಮರೆತಿರುತ್ತಿತ್ತು. ‘ಅಮ್ಮ, ನಿನ್ ಕ್ಲಾಸಿನ್ ಮಣೆ ಕಣಮ್ಮ. ಏನಾದ್ರೂ ಮಾಡು’ ಎಂದು ನನ್ನನ್ನೇ ಹಿಡಿದುಕೊಂಡಳು.

ಅಷ್ಟರಲ್ಲಿ ಮಣೆಯ ಮೇಲೆ ಕೆಂಪು ಪುಡಿ ಕಾಣಿಸಿಕೊಂಡಿತು. ಬೆಳಿಗ್ಗೆ ಒರೆಸಿದರೆ ಮರುದಿನ ಮತ್ತೆ ಇರುತ್ತಿತ್ತು, ತೆಳ್ಳಗೆ, ಯಾರೋ ಉದುರಿಸಿ ಹೋದಂತೆ. ನಮ್ಮ ಹೆಡ್‌ಮೇಷ್ಟ್ರು ತಿಮ್ಮರಾಯಪ್ಪನವರು ಅದನ್ನು ಬೆರಳಲ್ಲಿ ಮುಟ್ಟಿ, ಕಣ್ಣಿಗೊತ್ತಿಕೊಂಡು, ‘ಕುಂಕುಮ ಕಣ್ರಮ್ಮ’ ಎಂದುಬಿಟ್ಟರು. ಮುಗಿಯಿತು. ಅಮ್ಮನವರೇ ಓದಲು ಬಂದು ಕುಳಿತಿದ್ದಾರೆ ಎಂದು ಊರೆಲ್ಲ ಸುದ್ದಿ. ಮಣೆಯ ಮುಂದೆ ದೀಪ ಬಂತು, ಹಸಿರು ಬಳೆ ಬಂತು, ಸ್ಲೇಟಿಗೆ ಅರಿಶಿನ ಹಚ್ಚಿ ಒರಗಿಸಿದರು. ಶುಕ್ರವಾರ ಕೋಸಂಬರಿ ಹಂಚಿದರು. ನನ್ನ ಕ್ಲಾಸಿನ ಪುಟಾಣಿಗಳಿಗೆ ಅಕ್ಷರ ಬಾರದಿದ್ದರೂ ಮಂಗಳಾರತಿಯ ಹಾಡು ಬಾಯಿಪಾಠ ಬಂತು. ನಾನೂ ಸುಮ್ಮನಿರಲಿಲ್ಲ. ಮಗಳಿಗೆ ಲೆಕ್ಕ ಬರಲಿ ತಾಯಿ ಎಂದು ಆ ಮಣೆಗೆ ಎರಡು ಸಲ ಹೂ ಏರಿಸಿದ್ದೇನೆ.

ದಿನಾ ಅದನ್ನು ಒರೆಸುವವಳು ನಾನೇ ಆದ್ದರಿಂದ ನನ್ನ ಸೀರೆಯ ಸೆರಗೆಲ್ಲ ಕೆಂಪಾಗುತ್ತಿತ್ತು. ಒಂದು ಭಾನುವಾರ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಒಲೆಯ ಮೇಲಿನ ಸಾರು ನೋಡಲು ಹೋದೆ. ಬಂದು ನೋಡಿದರೆ ನೀರು ತಿಳಿಯಾಗಿತ್ತು, ಕೆಂಪೆಲ್ಲ ತಳದಲ್ಲಿ ಕೂತಿತ್ತು. ಕುಂಕುಮವಾಗಿದ್ದರೆ ನೀರೆಲ್ಲ ಬಣ್ಣವಾಗಿ ಸೀರೆ ಹಾಳಾಗಬೇಕಿತ್ತು. ತಳದ್ದನ್ನು ಕೈಯಲ್ಲಿ ತೆಗೆದು ಉಜ್ಜಿದೆ. ಬೆರಳಿಗೆ ಮರಳು ಮರಳಾಗಿ ಸಿಕ್ಕಿತು. ಹಿತ್ತಲ ಗೋಡೆ ಕಟ್ಟಿಸುವಾಗ ಇಟ್ಟಿಗೆ ಇಳಿಸಿಕೊಂಡ ದಿನ ನನ್ನ ಕೈ ಹೀಗೇ ಇತ್ತು.

ಬಚ್ಚಲ ಕಲ್ಲಿನ ಮೇಲೆ ಹಾಗೇ ಕುಳಿತೆ. ನೆನಪಾದದ್ದು ಪೋಲಿಯೋ ಹನಿ ಹಾಕುವ ಡ್ಯೂಟಿಯ ಒಂದು ಭಾನುವಾರ. ಇಟ್ಟಿಗೆಗೂಡಿಗೂ ಹೋಗಬೇಕೆಂದು ಮೇಲಿನಿಂದ ಹೇಳಿದ್ದರಿಂದ ಹೋಗಿದ್ದೆ. ಉತ್ತರದ ಕಡೆಯಿಂದ ಬಂದ ಸಂಸಾರಗಳು ಅಲ್ಲಿ ಗುಡಿಸಲು ಹಾಕಿಕೊಂಡು ದೀಪಾವಳಿಯಿಂದ ಮಳೆಯವರೆಗೆ ಇಟ್ಟಿಗೆ ಹೊಯ್ಯುತ್ತವೆ. ದುರಗವ್ವ ಎಂಬ ಬಾಣಂತಿ ಆಗತಾನೇ ಹುಟ್ಟಿದ ಹೆಣ್ಣುಕೂಸನ್ನು ಎತ್ತಿಕೊಂಡು ಬಂದು, ‘ಇಲ್ಲೇ, ಈ ಗುಡಸಲಾಗ ಹುಟ್ಟೇತ್ರಿ. ನಿಮ್ಮೂರ ಕೂಸ ಇದು ಅಕ್ಕೋರ’ ಎಂದಿದ್ದಳು. ನಾನು ನಕ್ಕು, ಹನಿ ಹಾಕಿ, ಮುಂದಿನ ಗುಡಿಸಲಿಗೆ ಹೋಗಿದ್ದೆ. ಆ ಕೂಸಿಗೆ ಈಗ ಶಾಲೆಯ ವಯಸ್ಸು. ನಾವು ಮಕ್ಕಳನ್ನು ಹುಡುಕಿದ್ದು ಗೋಡೆಯಿದ್ದ ಮನೆಗಳಲ್ಲಿ ಮಾತ್ರ.

ಗೂಡಿನ ಮಾಲೀಕರು ಮುದ್ದೇಗೌಡರು. ಶಾಲಾ ಸಮಿತಿಯ ಅಧ್ಯಕ್ಷರೂ ಅವರೇ. ವಿಷಯ ಹೇಳಿದಾಗ ಅವರು ಬಾಯಿಗೆ ಹಾಕಬೇಕೆಂದಿದ್ದ ಎಲೆಯಡಿಕೆಯನ್ನು ಕೈಯಲ್ಲೇ ಹಿಡಿದರು.

‘ಅವ್ರು ನಮ್ಮೂರೋರು ಹೆಂಗಾಗ್ತಾರೆ ಮಿಸ್? ಬತ್ತಾರೆ, ಹೋಯ್ತಾರೆ.’

‘ನಂಗೊತ್ತಿಲ್ಲ ಗೌಡ್ರೇ. ಮಣೆ ಹಂಗನ್ನುತ್ತೆ.’

ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡವರಂತೆ ನಕ್ಕರು. ‘ಅದಕ್ಯಾಕೆ ತಲೆ ಕೆಡಿಸ್ಕಂಡಿದೀರ? ಮೊದಲ್ನೇ ದಿನ ಕೂತ್ಕಂಡ್ರೆ ಸಾಕಲ್ವಾ? ಜೀಪ್ ಕಳಿಸ್ತೀನಿ. ಕರ್ಕಂಡ್ ಬನ್ನಿ, ಕೂರ್ಸಿ, ಬರೀರಿ. ಸಂಜೆಗೆ ವಾಪಸ್ ಬಿಟ್ರಾಯ್ತು.’

ನನಗೂ ಅದೇ ಸರಿ ಎನ್ನಿಸಿತು. ಮಗಳ ಮುಖ ಕಣ್ಣ ಮುಂದಿರುವಾಗ ಏನು ಹೇಳಿದರೂ ಸರಿಯೆನ್ನಿಸುತ್ತಿತ್ತು. ದುರಗವ್ವನ ಊರಿನ ಗುರುತನ್ನು ಗೌಡರಿಂದಲೇ ಕೇಳಿಕೊಂಡು ಮರುದಿನವೇ ಹೊರಟೆ.

ದುರಗವ್ವನ ಊರು ತುಂಬ ದೂರ. ಕರಿಮಣ್ಣಿನ ಹೊಲದಲ್ಲಿ ಅವಳೂ ಅವಳ ಗಂಡ ಬೀರಪ್ಪನೂ ಕಳೆ ತೆಗೆಯುತ್ತಿದ್ದರು. ಜೀಪು ನಿಂತದ್ದು ನೋಡಿ ಬೀರಪ್ಪ ಗಾಬರಿಯಾದ. ನಾನು ಎಲ್ಲವನ್ನೂ ಹೇಳಿದೆ, ಒಂದು ದಿನದ ಮಾತನ್ನೂ ಮುಚ್ಚಿಡಲಿಲ್ಲ. ದುರಗವ್ವ ಕೈಯ ಮಣ್ಣು ಉದುರಿಸಿಕೊಳ್ಳುತ್ತ ಕೇಳಿಸಿಕೊಂಡಳು.

‘ಒಂದ ದಿನದ ಸಾಲಿ ಇರ್ತೈತೇನ್ರಿ ಅಕ್ಕೋರ?’

‘ಹಂಗಲ್ಲ. ನಿಮಗೆ ಒಪ್ಪಿಗೆ ಇದ್ದರೆ ಮಗು ನಮ್ಮನೇಲೇ ಇರ್ಲಿ. ನನ್ ಮಗಳ ಥರ ನೋಡ್ಕೋತೀನಿ. ವರ್ಷ ಪೂರ್ತಿ ಓದ್ಲಿ.’

‘ನಿಮ್ ಮಗಳನ್ನ ನಮ್ ಗುಡಸಲಾಗ ಬಿಟ್ಟು ಹೋಗ್ತೀರೇನ್ರಿ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ನಾನು ಬದುವಿನ ಮೇಲಿನ ಹುಲ್ಲು ಕೀಳುತ್ತ ನಿಂತೆ. ಬೀರಪ್ಪನೇ ಕೊನೆಗೆ, ‘ಮಾಲಕರು ಹೇಳಿ ಕಳಿಸ್ಯಾರ. ಒಲ್ಲೆ ಅನ್ನಾಕ ಬರೂದಿಲ್ಲ. ನೀನೂ ಹೋಗಿ ಬಾ’ ಎಂದು ಹೆಂಡತಿಗೆ ಹೇಳಿ ಮತ್ತೆ ಕಳೆ ತೆಗೆಯಲು ಬಗ್ಗಿದ.

ಮಗುವಿನ ಹೆಸರು ಮಾಳವ್ವ. ಎರಡು ಜಡೆ, ಮೂಗಿನ ತುದಿಯಲ್ಲಿ ಒಂದು ಮಚ್ಚೆ. ಶಾಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ಗೊಬ್ಬರದ ಚೀಲದಲ್ಲಿ ಹೊಲಿದಿದ್ದ ಒಂದು ಕೈಚೀಲವನ್ನು ಒಳಗಿನಿಂದ ತಂದಳು. ‘ಯಾವಾಗರ ಸಾಲಿಗೆ ಹೋದ್ರ ಬೇಕಾಗ್ತೈತಿ ಅಂತ ಹೊಲಿಸ್ಕೊಂಡಾಳ್ರಿ ನನ್ ಕಡಿಂದ’ ಎಂದಳು ದುರಗವ್ವ. ಚೀಲದಲ್ಲಿ ಏನೂ ಇರಲಿಲ್ಲ. ದಾರಿಯುದ್ದಕ್ಕೂ ಮಾಳವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬೋರ್ಡು ಎಷ್ಟು ದೊಡ್ಡದು, ಗಂಟೆ ಯಾರು ಹೊಡೆಯುತ್ತಾರೆ, ಸಾಲಿಯೊಳಗೆ ಮಾತಾಡಿದರೆ ಬೈಯುತ್ತಾರೋ ಎಂದು ಒಂದೇ ಸಮನೆ ಕೇಳಿದಳು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಒಂದು ದಿನದ ವಿಷಯ ಅವಳಿಗೆ ತಿಳಿದಿರಲಿಲ್ಲ. ದುರಗವ್ವ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಬೆಳಿಗ್ಗೆ ಶಾಲೆಯ ಮುಂದೆ ಜಾತ್ರೆಯಷ್ಟು ಜನ. ಯಾರೋ ತೋರಣ ಕಟ್ಟಿದ್ದರು. ಮಣೆಯ ಮುಂದಿನ ದೀಪ, ಬಳೆಗಳನ್ನು ತಿಮ್ಮರಾಯಪ್ಪನವರು ಸದ್ದಿಲ್ಲದೆ ಮೂಲೆಗೆ ಸರಿಸಿದ್ದರು. ಅವತ್ತು ಮಣೆಯ ಮೇಲೆ ಧೂಳಿರಲಿಲ್ಲ. ಮಾಳವ್ವ ಚಪ್ಪಲಿ ಹೊರಗೆ ಬಿಟ್ಟು ಬಂದು, ಪಾದವನ್ನು ಲಂಗಕ್ಕೆ ಒರೆಸಿಕೊಂಡು, ಆ ಮಣೆಯ ಮೇಲೆ ಕುಳಿತಳು. ಅಂಗಳದಾಚೆಯ ಕೋಣೆಯ ಕಿಟಕಿಯಲ್ಲಿ ತನುಜಾ ಕಾಣುತ್ತಿದ್ದಳು. ಜಾಗ ಬಿಟ್ಟು ಏಳುವಂತಿಲ್ಲವಲ್ಲ, ಕುಳಿತಲ್ಲಿಂದಲೇ ಕತ್ತು ಚಾಚಿ ನನ್ನನ್ನು ನೋಡುತ್ತಿದ್ದಳು.

ನಾನು ಸೀಮೆಸುಣ್ಣ ಎತ್ತಿಕೊಂಡೆ. ಬೋರ್ಡಿಗೆ ತಾಗಿಸಿದ ಕೂಡಲೇ ಗೊತ್ತಾಯಿತು, ಇವತ್ತು ಹತ್ತುತ್ತದೆ. ಬಿಳಿಯ ಒಂದು ಚುಕ್ಕೆ ನಿಂತಿತು.

‘ಅಕ್ಕೋರ’ ಎಂದಳು ಮಾಳವ್ವ.

‘ಏನಮ್ಮ?’

‘ಇವತ್ತ ಏನ ಕಲಸ್ತೀರಿ?’

‘ಅ ಕಲಿಸ್ತೀನಿ.’

‘ನಾಳಿಗೆ?’

ಅಷ್ಟು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದ್ದೇನೆ. ಅಳುವವರನ್ನು, ಚಡ್ಡಿ ಒದ್ದೆ ಮಾಡಿಕೊಳ್ಳುವವರನ್ನು, ನನ್ನನ್ನೇ ಕಚ್ಚಿದವರನ್ನು ಕಂಡಿದ್ದೇನೆ. ನಾಳೆಗೆ ಏನು ಎಂದು ಕೇಳಿದವರನ್ನು ಕಂಡಿರಲಿಲ್ಲ. ನಾಳೆ ಇವಳು ಕರಿಮಣ್ಣಿನ ಹೊಲದಲ್ಲಿರುತ್ತಾಳೆ. ನಾನು ಇಲ್ಲಿ ಉಳಿದವರಿಗೆಲ್ಲ ಮುಂದಿನ ಅಕ್ಷರ ಹೇಳಿಕೊಡುತ್ತಿರುತ್ತೇನೆ, ಇವಳ ಮಣೆ ಖಾಲಿಯಿದ್ದರೂ ಸೀಮೆಸುಣ್ಣ ಚೆನ್ನಾಗಿ ಹತ್ತುತ್ತದೆ. ಬಾಗಿಲ ಬಳಿ ನಿಂತಿದ್ದ ದುರಗವ್ವನನ್ನು ಕೇಳಿದೆ.

‘ಗೂಡಿಗೆ ಯಾವಾಗ ಬರ್ತೀರಮ್ಮ?’

‘ದೀಪಾವಳಿ ಮುಗಿಸ್ಕೊಂಡ ಬರತೇವ್ರಿ.’

‘ಹೋಗೋದು?’

‘ಮಳಿ ಹಿಡಿದ ಮ್ಯಾಲ ಹೋಗತೇವ್ರಿ.’

ನಾನು ಆ ಬಿಳಿ ಚುಕ್ಕೆಯನ್ನು ಅಂಗೈಯಲ್ಲಿ ಒರೆಸಿ, ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ‘ಹಾಗಾದ್ರೆ ನಮ್ ಶಾಲೆ ಶುರುವಾಗೋದೂ ದೀಪಾವಳಿ ಆದ್ಮೇಲೆ’ ಎಂದೆ.

ಶಾಲೆಯ ಹೆಂಚು ಹಾರುವಂಥ ಗಲಾಟೆ ಎದ್ದಿತು. ಮುದ್ದೇಗೌಡರು ಒಳಗೆ ನುಗ್ಗಿ, ‘ಏನ್ ತಮಾಷೆ ಮಾಡ್ತಿದೀರೇನ್ರೀ ಮಿಸ್? ನಿಮ್ ಮಗಳೂ ಅಲ್ಲಿ ಕೂತವ್ಳೆ, ಗ್ಯಾನ ಐತಾ?’ ಎಂದು ಕೂಗಿದರು.

‘ಐತೆ ಗೌಡ್ರೇ. ಅದೊಂದೇ ಇರೋದು ಗ್ಯಾನದಲ್ಲಿ.’

‘ಬೇರೆ ಯಾರಾದ್ರೂ ಒಂದ್ನೇ ಕ್ಲಾಸ್ ತಗಳ್ಳಿ, ಬರೀರಿ!’ ಎಂದು ಗೌಡರು ಸುತ್ತ ನೋಡಿದರು. ತಿಮ್ಮರಾಯಪ್ಪನವರು ಉಳಿದ ಮೇಷ್ಟ್ರುಗಳತ್ತ ನೋಡಿದರು. ಒಬ್ಬರು ಕನ್ನಡಕ ಒರೆಸತೊಡಗಿದರು, ಇನ್ನೊಬ್ಬರಿಗೆ ಕೆಮ್ಮು ಬಂತು. ಮೂಗು ಸುರಿಸುವ ಅಷ್ಟು ಪುಟಾಣಿಗಳನ್ನು ವರ್ಷವಿಡೀ ತಲೆಗೆ ಕಟ್ಟಿಕೊಳ್ಳಲು ಯಾರೂ ತಯಾರಿರಲಿಲ್ಲ. ನನ್ನ ನೌಕರಿಯಲ್ಲಿ ನನಗೆ ಸಿಕ್ಕಿದ ಮರ್ಯಾದೆಯೆಂದರೆ ಅದೇ.

ಸಂಜೆ ತಾಯಿ ಮಗಳನ್ನು ಜೀಪಿನಲ್ಲಿ ಕಳಿಸಿಕೊಟ್ಟೆ. ‘ಸಾಲಿ ಆಗಲಿಲ್ಲಲ್ರಿ’ ಎಂದು ಮಾಳವ್ವ ಮುಖ ಸಣ್ಣ ಮಾಡಿದಳು. ‘ದೀಪಾವಳಿಗೆ ಬಾ. ನಿನ್ ಬಿಟ್ಟು ಮಾಡಲ್ಲ’ ಎಂದೆ. ಅವಳು ನಂಬಿದಳೋ ಇಲ್ಲವೋ, ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡು ಹತ್ತಿ ಕುಳಿತಳು.

ಮನೆಯಲ್ಲಿ ತನುಜಾ ಊಟಕ್ಕೆ ಬರಲಿಲ್ಲ. ‘ನಿಂಗೆ ನಾನ್ ಮುಖ್ಯನಾ, ಅವ್ಳ್ ಮುಖ್ಯನಾ?’ ಎಂದು ಒಂದೇ ಮಾತು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ನೀನೇ ಮುಖ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನಿಜವೂ ಆಗಿತ್ತು. ಆದರೆ ಹಾಗೆ ಹೇಳಿದರೆ ನಾನು ಮಾಡಿದ್ದಕ್ಕೆ ಏನರ್ಥ? ಅವಳ ಕಾಲ ಬಳಿ ಕುಳಿತು ಅತ್ತೆ. ಮಳೆಗಾಲವಿಡೀ ನನ್ನ ಜೊತೆ ಅವಳು ಸರಿಯಾಗಿ ಮಾತಾಡಲಿಲ್ಲ. ಊರವರೂ ಅಷ್ಟೆ; ಅಂಗಡಿಗೆ ಹೋದರೆ ಸಕ್ಕರೆ ಕಟ್ಟಿಕೊಟ್ಟು ಬೇರೆ ಕಡೆ ನೋಡುತ್ತಿದ್ದರು. ಗೌಡರು ದೂರು ಕೊಟ್ಟು ಅಧಿಕಾರಿಯೊಬ್ಬರನ್ನು ಕರೆಸಿದರು. ಅವರು ತಾವೇ ಸೀಮೆಸುಣ್ಣ ಹಿಡಿದು ನೋಡಿ, ಕೈ ಕೊಡವಿಕೊಂಡು, ಟೀ ಕುಡಿದು ಹೋದರು.

ಹೀಗೆ ಕಾಯುತ್ತ ಕಾಯುತ್ತ ಊರು ಮೆತ್ತಗಾಯಿತು. ಬೇರೆ ದಾರಿಯಿಲ್ಲದಿದ್ದರೆ ಎಲ್ಲರೂ ಮೆತ್ತಗಾಗುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಜನ ಇಟ್ಟಿಗೆಗೂಡಿನ ಕಡೆ ಸಂಜೆಯ ವಾಯುವಿಹಾರ ಶುರು ಮಾಡಿದರು. ಗುಡಿಸಲುಗಳ ಹಳೆಯ ಗರಿ ಹಾರಿಹೋಗಿದ್ದನ್ನು ನೋಡಿದ ಮುದ್ದೇಗೌಡರು ಯಾರಿಗೂ ಹೇಳದೆ ಹೊಸ ಶೀಟು ಹಾಕಿಸಿದರು. ಕೇಳಿದ್ದಕ್ಕೆ, ‘ಸೋರಿದ್ರೆ ಬರಲ್ಲ ಅಂದ್ಬಿಟ್ರೆ ಏನ್ ಮಾಡೋದು?’ ಎಂದು ರೇಗಿದರು.

ದೀಪಾವಳಿ ಮುಗಿದ ವಾರ ಒಂದು ಬೆಳಿಗ್ಗೆ ತನುಜಾ ಹೊರಗಿನಿಂದ ಓಡಿಬಂದು, ‘ಅಮ್ಮ, ಹೊಗೆ!’ ಎಂದಳು. ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ ಆಡಿದ ಮಾತು ಅದು. ನಾನು ಏಳುವಷ್ಟರಲ್ಲಿ ಅವಳೇ ಗೂಡಿನ ಕಡೆ ಓಡಿದ್ದಳು. ಶಾಲೆಯ ಹತ್ತಿರ ಹೋಗಿ ನಿಂತೆ. ಬಂದಳು, ಮಾಳವ್ವನ ಕೈ ಹಿಡಿದುಕೊಂಡು, ಗೊಬ್ಬರದ ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡು. ನನ್ನ ಮುಂದೆ ಅವಳನ್ನು ನಿಲ್ಲಿಸಿ, ‘ತಗೋ, ನಿನ್ ಸ್ಟೂಡೆಂಟು’ ಎಂದು ಮೂತಿ ತಿರುಗಿಸಿ ತನ್ನ ಕ್ಲಾಸಿಗೆ ಹೋದಳು.

ತನುಜಾ ಆ ಸಲ ಲೆಕ್ಕದಲ್ಲಿ ಫೇಲಾದಳು. ಎರಡನೇ ಸಲ ಕಟ್ಟಿ ಪಾಸಾದಳು. ಈಗ ನರ್ಸು. ಜಗಳ ಬಂದಾಗಲೆಲ್ಲ ಅದನ್ನು ಎತ್ತಿ ಆಡುತ್ತಾಳೆ, ನಾನು ಆಡಿಸಿಕೊಳ್ಳುತ್ತೇನೆ. ಮರುವರ್ಷ ನಾವು ಕೋಣೆಯ ಬೀಗ ತೆಗೆದಾಗ ಕಿಟಕಿಯ ಪಕ್ಕ ಕೆಂಪು ಧೂಳಿನ ಮಣೆಗಳು ಸಾಲಾಗಿ ಇದ್ದವು. ಈ ಸಲ ಯಾರೂ ಅವುಗಳಿಗೆ ಹೂವೇರಿಸಲಿಲ್ಲ. ಗೌಡರೇ ಗೂಡಿಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದರು.

ಆ ವರ್ಷ ದೀಪಾವಳಿ ಕಳೆದು ಶಾಲೆ ಶುರುವಾದ ಮೊದಲ ದಿನ ಮಾತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಾಳವ್ವ ಮಣೆಯ ಮೇಲೆ ಕುಳಿತಳು. ನಾನು ಬೋರ್ಡಿಗೆ ತಿರುಗಿ ‘ಅ’ ಬರೆದೆ. ಬೆಳ್ಳಗೆ, ದಪ್ಪಗೆ ನಿಂತಿತು. ಅಂಗಳದಾಚೆಯ ಕೋಣೆಗಳಿಂದ ಹೋ ಎಂಬ ಕೂಗು ಕೇಳಿಸಿತು. ಮಾಳವ್ವ ಅದನ್ನು ಸ್ಲೇಟಿನ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸಂಜೆ ಗಂಟೆ ಹೊಡೆದು ಎಲ್ಲ ಮಕ್ಕಳೂ ಓಡಿದ ಮೇಲೂ ಅವಳು ಬಾಗಿಲ ಹತ್ತಿರ ನಿಂತೇ ಇದ್ದಳು.

‘ಏನಮ್ಮ?’

‘ನಾಳಿಗೆ ಏನ ಕಲಸ್ತೀರಿ ಅಕ್ಕೋರ?’

‘ಆ ಕಲಿಸ್ತೀನಿ’ ಎಂದೆ.